ಏಳು ವರ್ಷ ಅಂದರೆ ಏಳೇ ವರ್ಷ: ಒಲಿವಿಯಾ ಡಿ ಹ್ಯಾವಿಲೆಂಡ್ ಗೆದ್ದ ಕೇಸು, ಸೋತ ಕೇಸು

ಹಾಲಿವುಡ್ ಕಲಾವಿದರಿಗೆ ಈಗ ಸಂಭಾವನೆಗಿಂತ ದೊಡ್ಡ ಚಿಂತೆಯೊಂದಿದೆ. ಸ್ಟುಡಿಯೋದವರು ಒಂದು ಸಲ ಸ್ಕ್ಯಾನ್ ಮಾಡಿಕೊಂಡ ಮುಖ, ರೆಕಾರ್ಡ್ ಮಾಡಿಕೊಂಡ ದನಿ ಆಮೇಲೆ ಯಾರ ಸೊತ್ತು? ಅದನ್ನು ಎಷ್ಟು ಸಿನಿಮಾದಲ್ಲಿ, ಎಷ್ಟು ವರ್ಷ ಬಳಸಬಹುದು? 2023ರ ಜುಲೈ 14ರಿಂದ ನವೆಂಬರ್ 9ರ ತನಕ ಅಲ್ಲಿನ ಕಲಾವಿದರ ಸಂಘ ಸ್ಯಾಗ್-ಆಫ್ಟ್ರಾ 118 ದಿನ ಮುಷ್ಕರ ಮಾಡಿತು. ಮುಷ್ಕರದ ದೊಡ್ಡ ಬೇಡಿಕೆಗಳಲ್ಲಿ ಇದೂ ಒಂದು. 2024ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆಂದೇ ಎರಡು ಕಾನೂನು ತಂದಿತು. ಆದರೂ ಜಗಳ ಮುಗಿದಿಲ್ಲ.

ಈ ಜಗಳದ ಬೇರು ಹುಡುಕಿಕೊಂಡು ಹೋದರೆ 1943ರಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದ 27 ವರ್ಷದ ಒಬ್ಬ ನಟಿ ಸಿಗುತ್ತಾರೆ. ಒಲಿವಿಯಾ ಡಿ ಹ್ಯಾವಿಲೆಂಡ್. ಅದೇ ನಟಿ 101ನೇ ಹುಟ್ಟುಹಬ್ಬದ ಹಿಂದಿನ ದಿನ ಮತ್ತೊಂದು ಕೇಸು ಹಾಕಿದರು. ಮೊದಲನೆಯದನ್ನು ಗೆದ್ದರು, ಎರಡನೆಯದನ್ನು ಸೋತರು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕಲಾವಿದರ ಕೈಯಲ್ಲಿ ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಅನ್ನುವುದು ತಿಳಿಯುತ್ತದೆ. ಎಐ ಕಾಲದ ಕಾನೂನು ಎಲ್ಲಿ ಸೋರುತ್ತಿದೆ ಅನ್ನುವುದೂ ಕಾಣುತ್ತದೆ.

ಒಲಿವಿಯಾ ಹುಟ್ಟಿದ್ದು 1916ರ ಜುಲೈ 1ರಂದು, ಟೋಕಿಯೋದಲ್ಲಿ. ಅಪ್ಪ ಅಮ್ಮ ಇಬ್ಬರೂ ಬ್ರಿಟಿಷರು. ಅಪ್ಪ ಜಪಾನಿನಲ್ಲಿ ಪೇಟೆಂಟ್ ವಕೀಲ, ಅಮ್ಮ ರಂಗಭೂಮಿಯ ನಟಿ. ಮುಂದಿನ ವರ್ಷ ತಂಗಿ ಜೋನ್ ಹುಟ್ಟಿದಳು. ಅವಳೇ ಮುಂದೆ ಜೋನ್ ಫಾಂಟೇನ್ ಎಂಬ ಹೆಸರಿನಲ್ಲಿ ದೊಡ್ಡ ನಟಿಯಾದಳು. 1919ರಲ್ಲಿ ಅಮ್ಮ ಮಕ್ಕಳನ್ನು ಕರೆದುಕೊಂಡು ಅಮೆರಿಕಕ್ಕೆ ಬಂದು, ಕ್ಯಾಲಿಫೋರ್ನಿಯಾದ ಸಾರಾಟೊಗಾ ಎಂಬ ಊರಿನಲ್ಲಿ ನೆಲೆಸಿದರು. 1934ರಲ್ಲಿ ಜರ್ಮನ್ ರಂಗಭೂಮಿಯ ಹೆಸರಾಂತ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಹಾಲಿವುಡ್ ಬೌಲ್‌ನಲ್ಲಿ ಶೇಕ್ಸ್‌ಪಿಯರ್ ನಾಟಕ ಆಡಿಸಿದರು. ಅದರಲ್ಲಿ ಹರ್ಮಿಯಾ ಪಾತ್ರ ಈ ಹುಡುಗಿಗೆ ಸಿಕ್ಕಿತು. ಅದೇ ನಾಟಕವನ್ನು ವಾರ್ನರ್ ಬ್ರದರ್ಸ್ ಸಿನಿಮಾ ಮಾಡಿದಾಗ ಜೊತೆಗೆ ಅಗ್ರಿಮೆಂಟೂ ಬಂತು. ಆಗ ಅವರಿಗಿನ್ನೂ ಹದಿನೆಂಟು.

1935ರ 'ಕ್ಯಾಪ್ಟನ್ ಬ್ಲಡ್' ಸಿನಿಮಾದಲ್ಲಿ ಎರಲ್ ಫ್ಲಿನ್ ಎಂಬ ಹೊಸ ಹುಡುಗನ ಎದುರು ನಾಯಕಿಯಾದರು. ಜೋಡಿ ಜನರಿಗೆ ಹಿಡಿಸಿತು. ಇಬ್ಬರೂ ಒಟ್ಟು ಎಂಟು ಸಿನಿಮಾ ಮಾಡಿದರು. ಕತ್ತಿ ಹಿಡಿದು ಓಡಾಡುವ ಕೆಲಸ ಅವನದು, ಕಿಟಕಿಯಲ್ಲಿ ನಿಂತು ಕಾಯುವ ಕೆಲಸ ಇವರದು. 1938ರ 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್' ಇವತ್ತಿಗೂ ನೋಡಲು ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಥರದ ಪಾತ್ರಗಳಲ್ಲಿ ತಾನು ಸಿಕ್ಕಿಹಾಕಿಕೊಂಡಿದ್ದೇನೆ ಅನ್ನುವುದು ಒಲಿವಿಯಾಗೆ ಚೆನ್ನಾಗಿ ಗೊತ್ತಿತ್ತು.

'ಗಾನ್ ವಿತ್ ದ ವಿಂಡ್' ಸಿನಿಮಾದ ಮೆಲನಿ ಪಾತ್ರ ಸಿಕ್ಕಿದ್ದೂ ಸುಲಭವಾಗಿ ಅಲ್ಲ. ನಿರ್ಮಾಪಕ ಡೇವಿಡ್ ಸೆಲ್ಜ್ನಿಕ್‌ಗೆ ಇವರೇ ಬೇಕಿತ್ತು. ಇವರನ್ನು ಹೊರಗೆ ಕಳಿಸಲು ಸ್ಟುಡಿಯೋ ಮಾಲೀಕ ಜಾಕ್ ವಾರ್ನರ್‌ಗೆ ಮನಸ್ಸಿರಲಿಲ್ಲ. ಆಗ ಒಲಿವಿಯಾ ನೇರವಾಗಿ ವಾರ್ನರ್‌ರ ಹೆಂಡತಿ ಆನ್ ಅವರನ್ನು ಕಂಡು, ನೀವೇ ಒಂದು ಮಾತು ಹೇಳಿ ಅಂತ ಕೇಳಿಕೊಂಡರು. ಕೆಲಸ ಆಯಿತು. ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಬಂತು. ಪ್ರಶಸ್ತಿ ಸಿಕ್ಕಿದ್ದು ಅದೇ ಸಿನಿಮಾದ ಹ್ಯಾಟಿ ಮೆಕ್‌ಡೇನಿಯಲ್‌ಗೆ. ಆಸ್ಕರ್ ಗೆದ್ದ ಮೊದಲ ಕಪ್ಪುವರ್ಣೀಯ ಕಲಾವಿದೆ ಅವರು. ಆ ರಾತ್ರಿ ಅವರನ್ನು ಕೂರಿಸಿದ್ದು ಬೇರೆ ಮೇಜಿನಲ್ಲಿ. ಮುಂದೆಯೂ ಅವರಿಗೆ ಬಂದಿದ್ದು ಬಹುಪಾಲು ಮನೆಕೆಲಸದವಳ ಪಾತ್ರಗಳೇ. ಒಲಿವಿಯಾ ಕಥೆ ಹೇಳುವಾಗ ಇದನ್ನು ಮರೆಯಬಾರದು. 'ಈ ಪಾತ್ರ ಬೇಡ' ಅನ್ನುವ ಅವಕಾಶ ಆ ಊರಿನಲ್ಲಿ ಎಲ್ಲರಿಗೂ ಒಂದೇ ಸಮ ಇರಲಿಲ್ಲ.

ಇನ್ನು ಅಗ್ರಿಮೆಂಟ್ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಎಲ್ಲ ಇರುವುದೂ ಇದರಲ್ಲೇ.

ಆಗಿನ ಸ್ಟುಡಿಯೋಗಳು ನಟನಟಿಯರನ್ನು ಸಾಮಾನ್ಯವಾಗಿ ಏಳು ವರ್ಷಕ್ಕೆ ಕಟ್ಟಿಹಾಕುತ್ತಿದ್ದವು. ಹೆಸರಿಗೆ ಏಳು ವರ್ಷ. ಒಳಗೆ ನೋಡಿದರೆ ಅದು ಒಂದು ವರ್ಷದ ಕರಾರು, ಅದರ ಮೇಲೆ ಆರು ಸಲ ಮುಂದುವರಿಸುವ ಹಕ್ಕು. ಆ ಹಕ್ಕು ಸ್ಟುಡಿಯೋಗೆ ಮಾತ್ರ. ನಟಿ ಓಡುತ್ತಿಲ್ಲ ಅನ್ನಿಸಿದರೆ ವರ್ಷದ ಕೊನೆಯಲ್ಲಿ ಮನೆಗೆ ಕಳಿಸಬಹುದು. ಓಡುತ್ತಿದ್ದರೆ ಇಟ್ಟುಕೊಳ್ಳಬಹುದು. ನಟಿ ಮಾತ್ರ ತಾನಾಗಿ ಬಿಟ್ಟು ಹೋಗುವಂತಿಲ್ಲ. ಯಾವ ಪಾತ್ರ ಕೊಟ್ಟರೂ ಮಾಡಬೇಕು. ಬೇರೆ ಸ್ಟುಡಿಯೋಗೆ ಎರವಲು ಕೊಟ್ಟರೆ ಅಲ್ಲಿಗೂ ಹೋಗಬೇಕು. ಎರವಲು ತೆಗೆದುಕೊಂಡವರು ಕೊಡುವ ಜಾಸ್ತಿ ದುಡ್ಡು ಸ್ಟುಡಿಯೋ ಜೇಬಿಗೆ, ನಟಿಗೆ ಬರುವುದು ಅದೇ ವಾರದ ಸಂಬಳ.

ಪಾತ್ರ ಒಪ್ಪದಿದ್ದರೆ ಸಸ್ಪೆಂಡ್ ಮಾಡುತ್ತಿದ್ದರು. ಸಂಬಳ ನಿಲ್ಲುತ್ತಿತ್ತು. ಆ ಪಾತ್ರವನ್ನು ಬೇರೆಯವರು ಮಾಡಿ ಮುಗಿಸುವ ತನಕ ಕೂತಿರಬೇಕು, ಹೊರಗೆ ಎಲ್ಲೂ ಕೆಲಸ ಮಾಡುವ ಹಾಗಿಲ್ಲ. ಇದು ಸಾಲದು ಅಂತ, ಹೀಗೆ ಕೂತ ವಾರಗಳನ್ನೆಲ್ಲ ಲೆಕ್ಕ ಹಾಕಿ ಅಗ್ರಿಮೆಂಟಿನ ಕೊನೆಗೆ ಸೇರಿಸುತ್ತಿದ್ದರು. ಅಂದರೆ ಬೇಡ ಅಂದಷ್ಟೂ ಸಲ ಬಿಡುಗಡೆಯ ದಿನ ಮುಂದಕ್ಕೆ ಹೋಗುತ್ತಿತ್ತು. ಹತ್ತು ಸಲ ಬೇಡ ಅಂದವರು ಹತ್ತು ವರ್ಷವಾದರೂ ಏಳು ವರ್ಷ ಮುಗಿಸುವ ಹಾಗಿರಲಿಲ್ಲ.

ಇದರ ವಿರುದ್ಧ ಹೋರಾಡಿದವರು ಮೊದಲೂ ಇದ್ದರು. 1936ರಲ್ಲಿ ಇದೇ ವಾರ್ನರ್ ಸ್ಟುಡಿಯೋದಿಂದ ತಪ್ಪಿಸಿಕೊಳ್ಳಲು ನಟಿ ಬೆಟ್ಟಿ ಡೇವಿಸ್ ಇಂಗ್ಲೆಂಡಿಗೇ ಹೋದರು. ಲಂಡನ್ ಕೋರ್ಟಿನಲ್ಲಿ ಸೋತು ವಾಪಸ್ ಬಂದು ಅದೇ ಸ್ಟುಡಿಯೋದಲ್ಲಿ ಕೆಲಸ ಮಾಡಬೇಕಾಯಿತು. ಅದೇ ವರ್ಷ ಒಲಿವಿಯಾ ಮೊದಲಿನ ಅಗ್ರಿಮೆಂಟಿನ ಬದಲು ಏಳು ವರ್ಷದ ಹೊಸ ಅಗ್ರಿಮೆಂಟಿಗೆ ಸಹಿ ಹಾಕಿದ್ದರು.

1941ರಲ್ಲಿ ಪ್ಯಾರಾಮೌಂಟ್‌ಗೆ ಎರವಲು ಹೋಗಿ ಮಾಡಿದ 'ಹೋಲ್ಡ್ ಬ್ಯಾಕ್ ದ ಡಾನ್' ಅವರಿಗೆ ಶ್ರೇಷ್ಠ ನಟಿಯ ನಾಮನಿರ್ದೇಶನ ತಂದಿತು. ಆ ವರ್ಷ ಆಸ್ಕರ್ ಗೆದ್ದದ್ದು ತಂಗಿ ಜೋನ್. ಪತ್ರಿಕೆಗಳಿಗೆ ಹಬ್ಬ. ಅಕ್ಕ ತಂಗಿಯರ ಮನಸ್ತಾಪದ ಬಗ್ಗೆ ಮುಂದಿನ ಎಪ್ಪತ್ತು ವರ್ಷ ಬರೆದಿದ್ದೇ ಬರೆದಿದ್ದು. ನಾನು ಅದನ್ನು ಇಷ್ಟಕ್ಕೇ ಬಿಡುತ್ತೇನೆ. ಇಬ್ಬರ ನಡುವೆ ಏನಿತ್ತೋ ಅವರಿಗೇ ಗೊತ್ತು. ಆ ಗದ್ದಲದಲ್ಲಿ ಒಬ್ಬ ನಟಿ ಒಂದಿಡೀ ಉದ್ಯಮದ ಕರಾರು ಪದ್ಧತಿಯನ್ನು ಬದಲಿಸಿದ ಸಂಗತಿ ಮೂಲೆಗೆ ಹೋಯಿತು ಅನ್ನುವುದೇ ನನಗೆ ಬೇಸರ.

ನಾವು ಗಮನಿಸಬೇಕಾದ್ದು ಬೇರೆ. ಹೊರಗೆ ಹೋದಾಗಲೇ ಒಳ್ಳೆಯ ಪಾತ್ರ ಸಿಗುತ್ತಿತ್ತು. ಮೆಲನಿಯೂ ಹೊರಗಿನದು, ಇದೂ ಹೊರಗಿನದು. ವಾಪಸ್ ವಾರ್ನರ್‌ಗೆ ಬಂದರೆ ಮತ್ತೆ ಅದೇ ಪಾತ್ರಗಳು. ಅವರು ಬೇಡ ಅನ್ನುತ್ತಾ ಹೋದರು, ಸ್ಟುಡಿಯೋ ಸಸ್ಪೆಂಡ್ ಮಾಡುತ್ತಾ ಹೋಯಿತು. 1943ರ ಮೇ ತಿಂಗಳಿಗೆ ಏಳು ವರ್ಷ ಮುಗಿದಾಗ ಇನ್ನೂ ಸುಮಾರು 25 ವಾರ ಬಾಕಿ ಇದೆ ಅಂತ ಸ್ಟುಡಿಯೋ ಲೆಕ್ಕ ತೋರಿಸಿತು.

ಆಗ ಮಾರ್ಟಿನ್ ಗ್ಯಾಂಗ್ ಎಂಬ ವಕೀಲರು ಒಂದು ಹಳೆಯ ಕಾನೂನನ್ನು ಅವರ ಮುಂದೆ ಇಟ್ಟರು. ಯಾರನ್ನೂ ದುಡಿಮೆಯ ಕರಾರಿನ ಹೆಸರಿನಲ್ಲಿ ಜೀತಕ್ಕೆ ಇಟ್ಟುಕೊಳ್ಳಬಾರದು ಅನ್ನುವ ಉದ್ದೇಶದಿಂದ ಕ್ಯಾಲಿಫೋರ್ನಿಯಾ 1872ರಲ್ಲೇ ಒಂದು ಮಿತಿ ಹಾಕಿತ್ತು. ಮೊದಲು ಅದು ಎರಡು ವರ್ಷ ಇತ್ತು. ಆಮೇಲೆ ಹೆಚ್ಚಿಸುತ್ತಾ ಬಂದು 1931ರಲ್ಲಿ ಏಳು ವರ್ಷ ಮಾಡಿದ್ದರು. ಕಾರ್ಮಿಕ ಸಂಹಿತೆಯ ಸೆಕ್ಷನ್ 2855. ಸ್ವಂತ ದುಡಿಮೆಯ ಕರಾರನ್ನು, ಕೆಲಸ ಶುರುವಾದ ದಿನದಿಂದ ಏಳು ವರ್ಷ ದಾಟಿದ ಮೇಲೆ, ದುಡಿಯುವವರ ಮೇಲೆ ಹೇರುವಂತಿಲ್ಲ ಅಂತ ಅದು ಹೇಳುತ್ತದೆ.

ಸ್ಟುಡಿಯೋ ವಾದ ಸರಳವಾಗಿತ್ತು. ಏಳು ವರ್ಷ ಅಂದರೆ ಏಳು ವರ್ಷದ ಕೆಲಸ. ಕೆಲಸ ಮಾಡದೆ ಕೂತ ದಿನಗಳು ಲೆಕ್ಕಕ್ಕಿಲ್ಲ. ಜೊತೆಗೆ, ಸಸ್ಪೆಂಡ್ ಆದ ವಾರಗಳನ್ನು ಸೇರಿಸಲು ಆಕೆಯೇ ಸಹಿ ಹಾಕಿ ಒಪ್ಪಿದ್ದಾರಲ್ಲ! ಒಲಿವಿಯಾ ಪರ ವಾದ ಇನ್ನೂ ಸರಳ. ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳು ವರ್ಷ.

ಕೇಸು 1943ರ ಆಗಸ್ಟ್‌ನಲ್ಲಿ ದಾಖಲಾಯಿತು. ಕೆಳಗಿನ ಕೋರ್ಟು ಅವರ ಕಡೆಗೇ ತೀರ್ಪು ಕೊಟ್ಟಿತು. ವಾರ್ನರ್ ಮೇಲ್ಮನವಿ ಹಾಕಿದರು. ಅಷ್ಟೇ ಅಲ್ಲ, ಈ ನಟಿಗೆ ಕೆಲಸ ಕೊಡಬೇಡಿ ಅಂತ ಬೇರೆ ಸ್ಟುಡಿಯೋಗಳಿಗೆಲ್ಲ ಕಾಗದ ಬರೆದರು. ಹೆಚ್ಚುಕಡಿಮೆ ಎರಡು ವರ್ಷ ಅವರಿಗೆ ಕ್ಯಾಮೆರಾ ಎದುರು ನಿಲ್ಲಲು ಆಗಲಿಲ್ಲ. ವಕೀಲರ ಖರ್ಚೇ ಸುಮಾರು 13 ಸಾವಿರ ಡಾಲರ್. ನಾಯಕಿಯರ ವೃತ್ತಿಗೆ ಮೂವತ್ತರ ಮೇಲೆ ಬೆಲೆ ಇಲ್ಲ ಅಂತ ನಂಬಿದ್ದ ಉದ್ಯಮದಲ್ಲಿ, 27ರಿಂದ 29ರ ತನಕದ ವರ್ಷಗಳನ್ನು ಪಣಕ್ಕಿಡುವುದು ಅಂದರೆ ಸುಮ್ನೆ ಅಲ್ಲ. ಯುದ್ಧದ ಕಾಲ ಅದು. ಅವರು ಅಲ್ಯೂಷಿಯನ್ ದ್ವೀಪಗಳಿಗೂ ದಕ್ಷಿಣ ಪೆಸಿಫಿಕ್‌ಗೂ ಹೋಗಿ ಸೇನಾ ಆಸ್ಪತ್ರೆಗಳಲ್ಲಿ ಗಾಯಗೊಂಡ ಸೈನಿಕರನ್ನು ಕಂಡು ಮಾತಾಡಿಸಿ ಬಂದರು. ಫಿಜಿಯಲ್ಲಿ ನ್ಯುಮೋನಿಯಾ ಆಗಿ ಅಲ್ಲೇ ಮಲಗಿದರು.

1944ರ ಡಿಸೆಂಬರ್ 8ರಂದು ಮೇಲ್ಮನವಿ ಕೋರ್ಟಿನ ತೀರ್ಪು ಬಂತು. ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳು ವರ್ಷವೇ. ತೀರ್ಪಿನ ಇನ್ನೊಂದು ಭಾಗ ಇದಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ನಟಿ ಒಪ್ಪಿ ಸಹಿ ಹಾಕಿದ್ದಾರೆ ಅನ್ನುವ ವಾದವನ್ನು ಕೋರ್ಟು ಒಪ್ಪಲಿಲ್ಲ. ಸಾರ್ವಜನಿಕ ಹಿತಕ್ಕಾಗಿ ಮಾಡಿದ ಕಾನೂನನ್ನು ಇಬ್ಬರು ಕೂತು ಖಾಸಗಿ ಕರಾರು ಬರೆದುಕೊಂಡು ಮೀರುವಂತಿಲ್ಲ ಅಂದಿತು. ಅಂದರೆ ಈ ರಕ್ಷಣೆಯನ್ನು ದುಡಿಯುವವರು ತಾವಾಗಿಯೇ ಬಿಟ್ಟುಕೊಡುತ್ತೇನೆ ಅಂದರೂ ಕಾನೂನು ಬಿಡುವುದಿಲ್ಲ. ಯಾಕೆ ಹೀಗೆ? ಕೆಲಸ ಬೇಕಾದವರು ಏನು ಕೊಟ್ಟರೂ ಸಹಿ ಹಾಕುತ್ತಾರೆ. ಹದಿನೆಂಟರ ಹುಡುಗಿ ಮೊದಲ ಸಿನಿಮಾದ ಕಾಗದದಲ್ಲಿ ಒಂದು ಸಾಲು ತೆಗೆಯಿರಿ ಅಂತ ಕೇಳುವುದಕ್ಕೆ ಆಗುತ್ತಾ? ಆ ಸಹಿಯನ್ನು ಪೂರ್ತಿ ಒಪ್ಪಿಗೆ ಅಂತ ಎಣಿಸಿದರೆ ಕಾನೂನು ಇದ್ದೂ ಇಲ್ಲದ ಹಾಗೆ.

1945ರ ಫೆಬ್ರವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಇದನ್ನು ಮತ್ತೆ ಕೆದಕಲು ಒಪ್ಪಲಿಲ್ಲ. ಯುದ್ಧಕ್ಕೆ ಹೋಗಿ ಬಂದ ನಟರಿಗೂ ಈ ತೀರ್ಪು ಒದಗಿಬಂತು. ಸೇನೆಯಲ್ಲಿ ಕಳೆದ ವರ್ಷಗಳನ್ನು ಅಗ್ರಿಮೆಂಟಿಗೆ ಸೇರಿಸುವ ದಾರಿ ಸ್ಟುಡಿಯೋಗಳಿಗೆ ಉಳಿಯಲಿಲ್ಲ. ಅಲ್ಲಿಂದ ಈಚೆಗೆ ಸೆಕ್ಷನ್ 2855ನ್ನು ಜನ 'ಡಿ ಹ್ಯಾವಿಲೆಂಡ್ ಕಾನೂನು' ಅಂತಲೇ ಕರೆಯುತ್ತಾರೆ.

ಗೆದ್ದದ್ದು ಕಾಗದದ ಮೇಲೆ ಮಾತ್ರ ಅಲ್ಲ ಅನ್ನುವುದಕ್ಕೆ ಅವರ ಮುಂದಿನ ಸಿನಿಮಾಗಳನ್ನು ನೋಡಿ. 1946ರಲ್ಲಿ ಪ್ಯಾರಾಮೌಂಟ್‌ನ 'ಟು ಈಚ್ ಹಿಸ್ ಓನ್'. ಮದುವೆಯಾಗದೆ ತಾಯಿಯಾದ ಹುಡುಗಿ, ಮಗನನ್ನು ಬೇರೆಯವರ ಮನೆಯಲ್ಲಿ ಬೆಳೆಯಲು ಬಿಟ್ಟು ನಡುವಯಸ್ಸು ಮುಟ್ಟುವ ತನಕದ ಪಾತ್ರ. ಮೊದಲ ಆಸ್ಕರ್. 1948ರಲ್ಲಿ 'ದಿ ಸ್ನೇಕ್ ಪಿಟ್'. ಮಾನಸಿಕ ಆಸ್ಪತ್ರೆಯಲ್ಲಿ ತಾನು ಎಲ್ಲಿದ್ದೇನೆ ಅಂತಲೇ ತಿಳಿಯದ ಹೆಂಗಸು. ಇದಕ್ಕಾಗಿ ಅವರು ಆಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನೂ ಚಿಕಿತ್ಸೆಯನ್ನೂ ಹತ್ತಿರದಿಂದ ನೋಡಿದರು. 1949ರಲ್ಲಿ ವಿಲಿಯಂ ವೈಲರ್ ನಿರ್ದೇಶನದ 'ದಿ ಏರೆಸ್'. ಎರಡನೇ ಆಸ್ಕರ್.

'ದಿ ಏರೆಸ್' ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಕ್ಯಾಥರೀನ್ ಸ್ಲೋಪರ್ ಶ್ರೀಮಂತ ಡಾಕ್ಟರ ಮಗಳು. ಚೆಲುವೆಯಲ್ಲ, ಮಾತು ಬಾರದವಳು ಅಂತ ಅಪ್ಪನೇ ಹೀಯಾಳಿಸುತ್ತಾನೆ. ಪ್ರೀತಿಸುತ್ತೇನೆ, ಓಡಿಹೋಗೋಣ ಅಂದವನು, ಆಸ್ತಿ ಸಿಗುವುದಿಲ್ಲ ಅಂತ ಗೊತ್ತಾದ ರಾತ್ರಿ ಬರುವುದೇ ಇಲ್ಲ. ಬೆಳಗಿನ ಜಾವ ಅವಳು ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುತ್ತಾಳೆ. ಆ ಒಂದು ಹತ್ತುವಿಕೆಯನ್ನು ವೈಲರ್ ಮತ್ತೆ ಮತ್ತೆ ತೆಗೆಸಿದರು. ಪೆಟ್ಟಿಗೆಯ ಭಾರ ಮೈಯಲ್ಲಿ ನಿಜವಾಗಿ ಕಾಣಲಿ ಅಂತ ಅದರೊಳಗೆ ಪುಸ್ತಕ ತುಂಬಿಸಿದರು. ಪರದೆಯ ಮೇಲೆ ನೋಡಿದರೆ ಭುಜ ಒಂದು ಕಡೆ ಜಗ್ಗಿರುತ್ತದೆ, ಒಂದೊಂದು ಮೆಟ್ಟಿಲಿಗೂ ವಯಸ್ಸು ಏರುತ್ತಿರುವ ಹಾಗೆ ಕಾಣುತ್ತದೆ. ವರ್ಷಗಳಾದ ಮೇಲೆ ಅದೇ ಮನುಷ್ಯ ವಾಪಸ್ ಬಂದು ಬಾಗಿಲು ಬಡಿಯುತ್ತಾನೆ. ಆಗ ಅದೇ ಮೆಟ್ಟಿಲನ್ನು ಅವಳು ಕೈಯಲ್ಲಿ ದೀಪ ಹಿಡಿದು, ತಿರುಗಿ ನೋಡದೆ ಹತ್ತುತ್ತಾಳೆ. ಮೈ ಒಂದೇ, ನಡಿಗೆ ಬೇರೆ. ಇಂಥದ್ದನ್ನು ಕಿಟಕಿಯಲ್ಲಿ ನಿಂತು ಕಾಯುವ ಪಾತ್ರಗಳಲ್ಲಿ ಮಾಡಲು ಎಲ್ಲಿ ಸಾಧ್ಯವಿತ್ತು? ಕೋರ್ಟಿನಲ್ಲಿ ಸೋತಿದ್ದರೆ ಈ ಮೂರು ಸಿನಿಮಾ ಅವರ ಪಾಲಿಗೆ ಬರುತ್ತಿದ್ದವು ಅಂತ ನನಗೆ ಅನ್ನಿಸುವುದಿಲ್ಲ.

ಆಮೇಲಿನ ಬದುಕು ಬೇಗ ಹೇಳುತ್ತೇನೆ. 1955ರಲ್ಲಿ ಫ್ರೆಂಚ್ ಪತ್ರಕರ್ತ ಪಿಯರ್ ಗಲಾಂತ್ ಅವರನ್ನು ಮದುವೆಯಾಗಿ ಪ್ಯಾರಿಸ್‌ನಲ್ಲೇ ಉಳಿದರು. 1965ರಲ್ಲಿ ಕಾನ್ ಚಿತ್ರೋತ್ಸವದ ತೀರ್ಪುಗಾರರ ಮಂಡಳಿಗೆ ಅಧ್ಯಕ್ಷೆಯಾದ ಮೊದಲ ಮಹಿಳೆ ಅವರೇ. 2008ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ಪದಕ, 2010ರಲ್ಲಿ ಫ್ರಾನ್ಸಿನ ಲೀಜನ್ ಆಫ್ ಆನರ್, 2017ರಲ್ಲಿ ಬ್ರಿಟನ್ನಿನ ಡೇಮ್ ಪದವಿ. ತೀರಿಕೊಂಡದ್ದು 2020ರ ಜುಲೈ 26ರಂದು, 104ನೇ ವಯಸ್ಸಿನಲ್ಲಿ.

ಅವರ ಕಾನೂನು ಮಾತ್ರ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುತ್ತಲೇ ಇತ್ತು. 2012ರ ಜುಲೈನಲ್ಲಿ 'ಮಾಡರ್ನ್ ಫ್ಯಾಮಿಲಿ' ಧಾರಾವಾಹಿಯ ಕಲಾವಿದರು, ನಮ್ಮ ಅಗ್ರಿಮೆಂಟ್ ಏಳು ವರ್ಷ ಮೀರುತ್ತದೆ ಅಂತ ಕೋರ್ಟಿಗೆ ಹೋದರು. ಕೆಲವೇ ದಿನಗಳಲ್ಲಿ ಹೊಸ ಸಂಭಾವನೆಗೆ ರಾಜಿಯಾಯಿತು. ಕೇಸು ನಡೆಯಬೇಕೆಂದೇ ಇಲ್ಲ, ಇಂಥದ್ದೊಂದು ಕಾನೂನು ಬೆನ್ನಿಗಿದ್ದರೆ ಮಾತುಕತೆಯಲ್ಲಿ ದನಿ ಗಟ್ಟಿಯಾಗುತ್ತದೆ.

ಸಂಗೀತದವರಿಗೆ ಇಷ್ಟು ಅದೃಷ್ಟ ಇರಲಿಲ್ಲ. 1987ರಲ್ಲಿ ರೆಕಾರ್ಡ್ ಕಂಪನಿಗಳು ಒತ್ತಡ ತಂದು ಇದೇ ಸೆಕ್ಷನ್ನಿಗೆ ಒಂದು ತಿದ್ದುಪಡಿ ಮಾಡಿಸಿಕೊಂಡವು. ಗಾಯಕರು ಏಳು ವರ್ಷದ ಮೇಲೆ ಹೊರಗೆ ಹೋಗಬಹುದು, ಆದರೆ ಒಪ್ಪಿಕೊಂಡಷ್ಟು ಆಲ್ಬಂ ಕೊಟ್ಟಿಲ್ಲ ಅಂದರೆ ಕಂಪನಿ ನಷ್ಟ ಪರಿಹಾರ ಕೇಳಬಹುದು. 2008ರಲ್ಲಿ 'ಥರ್ಟಿ ಸೆಕೆಂಡ್ಸ್ ಟು ಮಾರ್ಸ್' ತಂಡದ ಮೇಲೆ ಇಎಂಐ ಕಂಪನಿ 3 ಕೋಟಿ ಡಾಲರಿನ ದಾವೆ ಹಾಕಿತು. ತಂಡ ಡಿ ಹ್ಯಾವಿಲೆಂಡ್ ಕಾನೂನಿನ ಆಸರೆ ಹಿಡಿಯಿತು, ಕೊನೆಗೆ ರಾಜಿಯಾಯಿತು. ತಂಡದ ಜ್ಯಾರೆಡ್ ಲೆಟೊ ಆಮೇಲೆ ಪ್ಯಾರಿಸ್‌ಗೆ ಹೋಗಿ ಒಲಿವಿಯಾ ಅವರನ್ನು ಕಂಡು ಥ್ಯಾಂಕ್ಸ್ ಹೇಳಿ ಬಂದರು. 1987ರ ತಿದ್ದುಪಡಿ ತೆಗೆಯಿರಿ ಅಂತ ಈಚೆಗೆ ಮಸೂದೆಗಳು ಬಂದವು. ಕಾನೂನಾಗಲಿಲ್ಲ.

ಇನ್ನು ಎರಡನೇ ಕೇಸು. 2017ರಲ್ಲಿ ಎಫ್‌ಎಕ್ಸ್ ಚಾನೆಲ್ 'ಫ್ಯೂಡ್: ಬೆಟ್ಟಿ ಅಂಡ್ ಜೋನ್' ಎಂಬ ಎಂಟು ಕಂತಿನ ಸರಣಿ ಮಾಡಿತು. ಬೆಟ್ಟಿ ಡೇವಿಸ್ ಮತ್ತು ಇನ್ನೊಬ್ಬ ನಟಿ ಜೋನ್ ಕ್ರಾಫರ್ಡ್ ನಡುವಿನ ವೈರದ ಕಥೆ. ಒಲಿವಿಯಾ ಪಾತ್ರವನ್ನು ಕ್ಯಾಥರೀನ್ ಝೀಟಾ-ಜೋನ್ಸ್ ಮಾಡಿದ್ದರು. ಅದರಲ್ಲಿ ಒಲಿವಿಯಾ ಒಂದು ಸಂದರ್ಶನ ಕೊಡುತ್ತಾರೆ, ಬೇರೆಯವರ ಬಗ್ಗೆ ಮಾತಾಡುತ್ತಾರೆ, ತಂಗಿಯನ್ನು ಕೆಟ್ಟ ಪದದಲ್ಲಿ ಬೈಯುತ್ತಾರೆ. ಅಂಥ ಸಂದರ್ಶನ ನಾನು ಕೊಟ್ಟೇ ಇಲ್ಲ, ನನ್ನನ್ನು ಯಾರೂ ಕೇಳಲೂ ಇಲ್ಲ ಅಂತ ಒಲಿವಿಯಾ 2017ರ ಜೂನ್ 30ರಂದು ಲಾಸ್ ಏಂಜಲೀಸ್‌ನಲ್ಲಿ ದಾವೆ ಹೂಡಿದರು. ತನ್ನ ಹೆಸರು, ಗುರುತನ್ನು ಅನುಮತಿಯಿಲ್ಲದೆ ಬಳಸಿದ್ದಾರೆ, ತನ್ನ ಬಗ್ಗೆ ಸುಳ್ಳು ಚಿತ್ರ ಕೊಟ್ಟಿದ್ದಾರೆ ಅನ್ನುವುದು ದೂರು. ಪ್ರಾಯದಲ್ಲಿ ಕೇಸು ಗೆದ್ದ ರಾಜ್ಯದಲ್ಲೇ ನೂರು ದಾಟುವಾಗ ಮತ್ತೊಂದು ಕೇಸು!

ಕೆಳಗಿನ ಕೋರ್ಟು ಕೇಸು ಮುಂದುವರಿಯಲಿ ಅಂದಿತು. 2018ರ ಮಾರ್ಚ್ 26ರಂದು ಮೇಲ್ಮನವಿ ಕೋರ್ಟು ಅದನ್ನು ತಳ್ಳಿಹಾಕಿತು. 392 ನಿಮಿಷದ ಸರಣಿಯಲ್ಲಿ ಆ ಪಾತ್ರ ಇರುವುದು 17 ನಿಮಿಷಕ್ಕಿಂತ ಕಡಿಮೆ. ಬೈಗುಳದ ವಿಷಯಕ್ಕೆ ಬಂದರೆ, ತಂಗಿಯನ್ನು ಅವರೇ ಹಿಂದೆ 'ಡ್ರ್ಯಾಗನ್ ಲೇಡಿ' ಅಂತ ಕರೆದಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಹೆಸರಾಂತ ತಾರೆಯೇ ಇರಲಿ, ಯಾರಿಗೂ ಗೊತ್ತಿಲ್ಲದವರೇ ಇರಲಿ, ಚರಿತ್ರೆಗೆ ಅವರು ಮಾಲೀಕರಲ್ಲ ಅಂತ ಕೋರ್ಟು ಹೇಳಿತು. 2019ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೂಡ ಕೇಸನ್ನು ತೆಗೆದುಕೊಳ್ಳಲಿಲ್ಲ.

ಅವರ ನೋವು ನನಗೆ ಅರ್ಥವಾಗುತ್ತದೆ. ಬದುಕಿರುವಾಗಲೇ ನಿಮ್ಮ ಬಾಯಿಗೆ ಬೇರೆಯವರು ಮಾತು ತುರುಕಿದರೆ ಸುಮ್ಮನಿರಲು ಆಗುತ್ತಾ? ಆದರೂ ಕೋರ್ಟು ಹೇಳಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ನಿಜ ಜನರ ಮೇಲೆ ನಾಟಕ, ಸಿನಿಮಾ ಮಾಡಲು ಅವರ ಅನುಮತಿ ಬೇಕು ಅಂತಾದರೆ ರಾಜಕಾರಣಿಗಳ ಮೇಲೆ, ಉದ್ಯಮಿಗಳ ಮೇಲೆ, ಜಾಕ್ ವಾರ್ನರ್‌ರಂಥವರ ಮೇಲೆ ಯಾರೂ ಏನೂ ಮಾಡುವ ಹಾಗಿಲ್ಲ. ಅವರು ಹೊಗಳಿಸಿಕೊಂಡದ್ದು ಮಾತ್ರ ಉಳಿಯುತ್ತದೆ.

ತೊಂದರೆ ಶುರುವಾಗುವುದು ಇಲ್ಲಿ. ಡಿಜಿಟಲ್ ನಕಲಿನ ಚರ್ಚೆಯಲ್ಲಿ ಸ್ಟುಡಿಯೋ ಪರ ಮಾತಾಡುವವರು ಹಿಡಿಯುವುದು ಈ ಎರಡನೇ ಕೇಸಿನ ದಾರಿಯನ್ನು. ಇದು ಅಭಿವ್ಯಕ್ತಿ ಸ್ವಾತಂತ್ರ್ಯದ ಪ್ರಶ್ನೆ, ಕಲೆಯ ಪ್ರಶ್ನೆ ಅನ್ನುತ್ತಾರೆ. ಎರಡೂ ಒಂದೇ ಅಲ್ಲ. ಝೀಟಾ-ಜೋನ್ಸ್ ಒಲಿವಿಯಾ ಆಗಿ ನಟಿಸಿದರೆ ಅಲ್ಲಿರುವ ದುಡಿಮೆ ಝೀಟಾ-ಜೋನ್ಸ್‌ರದು. ಮುಖ ಅವರದು, ದನಿ ಅವರದು, ಸಂಭಾವನೆಯೂ ಅವರದು. ನೋಡುವವರಿಗೂ ಇದು ನಟನೆ ಅಂತ ಗೊತ್ತಿರುತ್ತದೆ. ಕಂಪ್ಯೂಟರ್ ಒಬ್ಬ ನಟಿಯ ಸ್ವಂತ ಮುಖ, ಸ್ವಂತ ದನಿ ಹಿಡಿದು ಅವಳು ಮಾಡದ ದೃಶ್ಯವನ್ನು ಮಾಡಿಸಿದರೆ, ಅವಳ ದುಡಿಮೆಯನ್ನೇ ಅವಳಿಲ್ಲದೆ ತೆಗೆದುಕೊಂಡ ಹಾಗೆ. ವೈಲರ್ ಮತ್ತೆ ಮತ್ತೆ ಹತ್ತಿಸಿದ ಮೆಟ್ಟಿಲನ್ನು ಯಾರೂ ಹತ್ತಬೇಕಾಗಿಲ್ಲ. ಹೀಗಾಗಿ ಇದು ಮೊದಲ ಕೇಸಿನ ಸಾಲಿಗೆ ಸೇರಬೇಕು. ಇದು ದುಡಿಮೆಯ ಕರಾರಿನ ಪ್ರಶ್ನೆ.

ಕ್ಯಾಲಿಫೋರ್ನಿಯಾದ ಶಾಸಕರು ಇದನ್ನು ಅರ್ಧ ಒಪ್ಪಿದ್ದಾರೆ. 2024ರ ಸೆಪ್ಟೆಂಬರ್ 17ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಎರಡು ಮಸೂದೆಗಳಲ್ಲಿ ಎಬಿ 2602 ಹೋಗಿ ಸೇರಿದ್ದು ಕಾರ್ಮಿಕ ಸಂಹಿತೆಗೇ, ಸೆಕ್ಷನ್ 2855 ಇರುವ ಅದೇ ಸಂಹಿತೆಗೆ. ಇನ್ನೊಂದು, ಎಬಿ 1836, ತೀರಿಕೊಂಡ ಕಲಾವಿದರ ನಕಲಿಗೆ ವಾರಸುದಾರರ ಒಪ್ಪಿಗೆ ಬೇಕು ಅನ್ನುತ್ತದೆ. ಅಲ್ಲಿನ ಕಾನೂನಿನಲ್ಲಿ ಸತ್ತ ಮೇಲೆ 70 ವರ್ಷ ಆ ಹಕ್ಕು ಉಳಿಯುತ್ತದೆ.

ಎಬಿ 2602ರ ಒಳಗೆ ಇಣುಕೋಣ. ಕಲಾವಿದರು ಖುದ್ದಾಗಿ ಮಾಡಬೇಕಿದ್ದ ಕೆಲಸವನ್ನು ಡಿಜಿಟಲ್ ನಕಲಿನಿಂದ ಮಾಡಿಸಲು ಅವಕಾಶ ಕೊಡುವ ಕರಾರಿನ ಸಾಲು ಯಾವಾಗ ಅಸಿಂಧು ಆಗುತ್ತದೆ? ಆ ನಕಲನ್ನು ಯಾತಕ್ಕೆ ಬಳಸುತ್ತೇವೆ ಅಂತ ಸಾಕಷ್ಟು ಬಿಡಿಸಿ ಬರೆದಿಲ್ಲದಿದ್ದಾಗ. ಜೊತೆಗೆ, ಕಲಾವಿದರ ಪರವಾಗಿ ವಕೀಲರಾಗಲಿ ಸಂಘವಾಗಲಿ ಮಾತುಕತೆ ಮಾಡಿಲ್ಲದಿದ್ದಾಗ. ಎರಡೂ ಕೊರತೆ ಒಟ್ಟಿಗೆ ಇದ್ದರೆ ಮಾತ್ರ ಆ ಸಾಲು ಬಿದ್ದುಹೋಗುತ್ತದೆ. ವಿವರ ಬರೆದಿಲ್ಲ, ಆದರೆ ವಕೀಲರು ಕೂತು ಮಾತಾಡಿ ಷರತ್ತುಗಳನ್ನು ಎದ್ದು ಕಾಣುವ ಹಾಗೆ ಬರೆಸಿದ್ದಾರೆ ಅಂದರೆ ಆ ಸಾಲು ನಿಲ್ಲುತ್ತದೆ. ಸೋರುವ ಜಾಗ ಇದೇ. 1944ರ ಕೋರ್ಟು, ನೀನು ಒಪ್ಪಿದರೂ ಆಗದು ಅಂದಿತ್ತು. 2024ರ ಕಾನೂನು, ಸರಿಯಾಗಿ ಕೇಳಿಕೊಂಡು ಒಪ್ಪಿದರೆ ಆದೀತು ಅನ್ನುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಒಪ್ಪಿಗೆ ಕೇಳಿದಾಗ ಇಲ್ಲ ಅನ್ನುವ ಸ್ಥಿತಿಯಲ್ಲಿ ಎಷ್ಟು ಜನ ಇದ್ದಾರೆ? 2023ರ ಜುಲೈನಲ್ಲಿ ಮುಷ್ಕರ ಘೋಷಿಸುವಾಗ ಸಂಘದ ಮುಖ್ಯ ಸಂಧಾನಕಾರ ಡಂಕನ್ ಕ್ರ್ಯಾಬ್‌ಟ್ರೀ-ಐರ್ಲೆಂಡ್ ಒಂದು ಆರೋಪ ಮಾಡಿದರು. ಜೂನಿಯರ್ ಆರ್ಟಿಸ್ಟ್‌ಗಳನ್ನು ಒಂದು ದಿನ ಕರೆದು ಸ್ಕ್ಯಾನ್ ಮಾಡಿ, ಒಂದು ದಿನದ ಕೂಲಿ ಕೊಟ್ಟು, ಆ ಚಿತ್ರವನ್ನು ಕಂಪನಿಗಳು ಶಾಶ್ವತವಾಗಿ ಇಟ್ಟುಕೊಳ್ಳುವ ಪ್ರಸ್ತಾಪ ಬಂದಿದೆ ಅಂದರು. ನಿರ್ಮಾಪಕರ ಒಕ್ಕೂಟ ಅದನ್ನು ನಿರಾಕರಿಸಿತು. ಆದರೆ ಭಯ ಸುಳ್ಳಲ್ಲ. ಒಲಿವಿಯಾ ಎರಡು ವರ್ಷ ಕೆಲಸವಿಲ್ಲದೆ ಕಾಯಬಲ್ಲವರಾಗಿದ್ದರು. ದಿನಗೂಲಿಗೆ ಗುಂಪಿನಲ್ಲಿ ನಿಲ್ಲುವವರು ಒಂದು ವಾರ ಕಾಯುವುದೂ ಕಷ್ಟ. ಹ್ಯಾಟಿ ಮೆಕ್‌ಡೇನಿಯಲ್‌ಗೆ ಇಲ್ಲದಿದ್ದ ಅವಕಾಶ ಇವರಿಗೂ ಇಲ್ಲ.

ಮುಷ್ಕರದ ಕೊನೆಯಲ್ಲಿ ಆದ ಒಪ್ಪಂದ ಒಂದಷ್ಟು ಕೊಟ್ಟಿತು. ನಕಲು ಮಾಡಲು ಒಪ್ಪಿಗೆ ಬೇಕು, ಬಳಕೆಯ ವಿವರ ಹೇಳಬೇಕು, ದುಡ್ಡು ಕೊಡಬೇಕು. 2023ರ ಡಿಸೆಂಬರ್‌ನಲ್ಲಿ ಮತ ಹಾಕಿದ ಸದಸ್ಯರಲ್ಲಿ ಶೇ 78ರಷ್ಟು ಜನ ಇದನ್ನು ಒಪ್ಪಿದರು. ಅದರಲ್ಲೇ ಇನ್ನೊಂದು ಸಾಲೂ ಇದೆ. ಬದುಕಿರುವಾಗ ಕೊಟ್ಟ ಒಪ್ಪಿಗೆ, ಬೇರೆ ಮಿತಿ ಬರೆಯದಿದ್ದರೆ, ಸತ್ತ ಮೇಲೂ ನಡೆಯುತ್ತದೆ.

ಇಲ್ಲಿ ಸೆಕ್ಷನ್ 2855 ಯಾಕೆ ಕೈಕೊಡುತ್ತದೆ ಅಂತ ನೋಡಿ. ಅದು ಅಳೆಯುವುದು ಮನುಷ್ಯರ ಸೇವೆಯನ್ನು, ಅಳತೆಗೋಲು ಕ್ಯಾಲೆಂಡರ್. ಏಳು ವರ್ಷ ಆಯಿತು, ಇನ್ನು ಬಂದು ಕೆಲಸ ಮಾಡು ಅನ್ನುವಂತಿಲ್ಲ. ನಕಲಿಗೆ ಬಂದು ಕೆಲಸ ಮಾಡು ಅಂತ ಯಾರೂ ಹೇಳಬೇಕಾಗಿಲ್ಲ. ಅದು ಸ್ಟುಡಿಯೋ ಕಂಪ್ಯೂಟರಿನಲ್ಲೇ ಇರುತ್ತದೆ. ಅದಕ್ಕೆ ವಯಸ್ಸಾಗದು, ಸಸ್ಪೆಂಡ್ ಮಾಡಬೇಕಾಗಿಲ್ಲ, ಪಾತ್ರ ಬೇಡ ಅನ್ನುವುದಿಲ್ಲ. ನಟಿ ಏಳನೇ ವರ್ಷಕ್ಕೆ ಹೊರಗೆ ಹೋಗುತ್ತಾಳೆ, ಮುಖ ಒಳಗೇ ಉಳಿಯುತ್ತದೆ. ಆಗ ಅವಳು ಹೊಸ ಸ್ಟುಡಿಯೋದಲ್ಲಿ ಪೈಪೋಟಿ ಮಾಡಬೇಕಾಗಿರುವುದು ತನ್ನದೇ ಹಳೆಯ, ಹರೆಯದ ರೂಪದ ಜೊತೆ.

ಮಾಡಬೇಕಾದ್ದು ಕಷ್ಟದ್ದೇನೂ ಅಲ್ಲ. ಡಿಜಿಟಲ್ ನಕಲಿನ ಪ್ರತಿ ಕರಾರಿಗೂ ಕ್ಯಾಲೆಂಡರಿನ ಒಂದು ಕೊನೆಯ ದಿನ ಇರಬೇಕು. ಅದು ಏಳು ವರ್ಷವೇ ಆಗಬೇಕೆಂದಿಲ್ಲ, ಇನ್ನೂ ಕಡಿಮೆ ಇದ್ದರೆ ಒಳ್ಳೆಯದು. ಆ ದಿನ ಬಂದ ಮೇಲೆ ಹೊಸದಾಗಿ ಕೇಳಬೇಕು, ಹೊಸದಾಗಿ ದುಡ್ಡು ಕೊಡಬೇಕು. ಈಗಾಗಲೇ ತೆಗೆದ ಸಿನಿಮಾ ತೋರಿಸಲು ಇದರಿಂದ ಅಡ್ಡಿಯಿಲ್ಲ, ಹೊಸದನ್ನು ಮಾಡಲು ಮಾತ್ರ. ಮುಖ್ಯವಾಗಿ, ಈ ಮಿತಿಯನ್ನು ಕಲಾವಿದರು ಸಹಿ ಹಾಕಿ ಬಿಟ್ಟುಕೊಡುವ ಹಾಗೆ ಇರಬಾರದು, ಅವರ ವಕೀಲರು ಪಕ್ಕದಲ್ಲೇ ಕೂತಿದ್ದರೂ ಸರಿ. 1944ರಲ್ಲಿ ಒಲಿವಿಯಾ ಪಡೆದ ತೀರ್ಪಿನಲ್ಲಿ ಇದಕ್ಕೆ ಬೇಕಾದ ನ್ಯಾಯವೆಲ್ಲ ಇದೆ. ಎಬಿ 2602ಕ್ಕೆ ತಿದ್ದುಪಡಿ ತರುವಾಗ ಶಾಸಕರು ಅದೇ ಸಂಹಿತೆಯಲ್ಲಿ ಇನ್ನಷ್ಟು ಪುಟ ತಿರುಗಿಸಿ 2855ನ್ನು ಓದಿಕೊಂಡರೆ ಸಾಕು.